ರಾಜೀನಾಮೆ ಬರೆದುಕೊಡಿ ಎಂದರೆ ಕೂಡಲೇ ಸಹಿ ಹಾಕಬೇಡಿ

[ಪರದೆ: ಪತ್ರಿಕಾ ಕಚೇರಿಯ ರಾತ್ರಿ ಡೆಸ್ಕ್. ಅರ್ಧ ಕುರ್ಚಿಗಳು ಖಾಲಿ]

ನಮಸ್ಕಾರ. ಮಂಗಳೂರು, ಉಡುಪಿ ಕಡೆಯ ಪತ್ರಕರ್ತ ಗೆಳೆಯರು ಈಚೆಗೆ ಸಿಕ್ಕಿದರೆ ಮಾತು ಸುತ್ತಿ ಬಳಸಿ ಪತ್ರಿಕೆಗಳು ಕೆಲಸದಿಂದ ತೆಗೆಯುವವರ ಪಟ್ಟಿಯ ಕಡೆಗೇ ಬರುತ್ತದೆ: "ಮುಂದಿನ ಪಟ್ಟಿಯಲ್ಲಿ ನನ್ನ ಹೆಸರು ಉಂಟೋ ಏನೋ ಮಾರಾಯ್ರೆ." ಇಪ್ಪತ್ತು ವರ್ಷ ಊರಿನ ಕಷ್ಟ ಬರೆದವರು ತಮ್ಮ ಕಷ್ಟ ಬಂದಾಗ ಬಾಯಿ ಬಿಡುವುದಿಲ್ಲ. ಈ ವಿಡಿಯೋ ಅವರಿಗಾಗಿ.

ಕೆಲಸ ಯಾಕೆ ಹೋಗುತ್ತಿದೆ ಎಂಬುದನ್ನು ಮೊದಲು ನೋಡೋಣ. ಓದುಗ ಕೊಡುವ ಬೆಲೆಯಲ್ಲಿ ಪತ್ರಿಕೆಯ ಖರ್ಚು ಹುಟ್ಟುವುದಿಲ್ಲ. ಉಳಿದದ್ದನ್ನು ತುಂಬುತ್ತಿದ್ದದ್ದು ಜಾಹೀರಾತು. ನಮ್ಮಲ್ಲಾದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ಮರುದಿನ ಕಾಲೇಜುಗಳ ಇಡೀ ಪುಟ, ದೇವಸ್ಥಾನದ ಬ್ರಹ್ಮಕಲಶೋತ್ಸವದ ಪುರವಣಿ, ಚಿನ್ನದ ಅಂಗಡಿ, ಶ್ರದ್ಧಾಂಜಲಿ. ಇದರಲ್ಲಿ ದೊಡ್ಡ ಪಾಲು ಮೊಬೈಲಿಗೆ ಹೋಯಿತು. 2020ರ ಲಾಕ್‌ಡೌನ್‌ನಲ್ಲಿ ಜಾಹೀರಾತು ಕುಸಿಯಿತು. ಆಮೇಲೆ ನ್ಯೂಸ್‌ಪ್ರಿಂಟ್, ಅಂದರೆ ಪತ್ರಿಕೆ ಅಚ್ಚು ಹಾಕುವ ಕಾಗದದ ಬೆಲೆ ಏರಿತು. ಹಲವು ಆವೃತ್ತಿಗಳ ಪುಟಗಳನ್ನು ಒಂದೇ ಊರಲ್ಲಿ ಕೂತು ಕಟ್ಟಬಹುದು ಎಂದಾದ ಮೇಲೆ ಸುದ್ದಿ ತಿದ್ದಿ ಪುಟ ಕಟ್ಟುವ ಡೆಸ್ಕಿಗೇ ಮೊದಲ ಪೆಟ್ಟು. ಇದರಲ್ಲಿ ಎಲ್ಲಿಯೂ ನೀವು ಕೊಟ್ಟ ತಲೆಬರಹದ ತಪ್ಪಿಲ್ಲ. ಇದನ್ನು ಮನೆಯವರಿಗೂ ಹೇಳಿ. ಕೆಲಸ ಹೋದದ್ದನ್ನು ಹೆಂಡತಿಗೆ ಹೇಳದೆ ದಿನಾ ಬ್ಯಾಗ್ ಹಿಡಿದು ಹೊರಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

[ಪರದೆ: ಮೇಜಿನ ಮೇಲೆ ಒಂದು ಹಾಳೆ, ಪಕ್ಕದಲ್ಲಿ ಪೆನ್ನು]

ಈಗ ಮುಖ್ಯ ವಿಷಯ. ಯಾರೂ "ನಿಮ್ಮನ್ನು ತೆಗೆದಿದ್ದೇವೆ" ಎಂದು ಕಾಗದ ಕೊಡುವುದಿಲ್ಲ. ಒಳಗೆ ಕರೆದು, ಬಾಗಿಲು ಹಾಕಿ, "ನೋಡಿ ಭಟ್ರೆ, ನೀವೇ ರಾಜೀನಾಮೆ ಬರೆದುಕೊಟ್ಟರೆ ಒಳ್ಳೆಯದು, ಮುಂದೆ ಬೇರೆ ಕಡೆ ಸೇರುವಾಗ ಹೆಸರು ಕೆಡುವುದಿಲ್ಲ" ಎನ್ನುತ್ತಾರೆ. ಕೇಳಲು ಉಪಕಾರದ ಮಾತು. ಆದರೆ ಆ ಒಂದು ಸಹಿಯಿಂದ ಕಾನೂನಿನ ಕಣ್ಣಲ್ಲಿ ಕೆಲಸ ಬಿಟ್ಟವರು ನೀವೇ ಆಗುತ್ತೀರಿ, ಅವರು ತೆಗೆದದ್ದಲ್ಲ.

ವ್ಯತ್ಯಾಸ ಎಷ್ಟು ಗೊತ್ತೇ? 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 'ಕಾರ್ಮಿಕ' ಎಂದರೆ ಕಾರ್ಯನಿರತ ಪತ್ರಕರ್ತರೂ ಸೇರುತ್ತಾರೆ. ವರ್ಷಕ್ಕಿಂತ ಹೆಚ್ಚು ಸೇವೆ ಇರುವವರನ್ನು ಹೆಚ್ಚುವರಿ ಎಂದು ತೆಗೆಯುವುದಾದರೆ ಒಂದು ತಿಂಗಳ ನೋಟಿಸ್, ಇಲ್ಲವೇ ಅಷ್ಟು ಸಂಬಳ ಕೊಡಬೇಕು. ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳದಂತೆ ಪರಿಹಾರ ಕೊಡಬೇಕು. ಇದರ ಮೇಲೆ, ಕೆಲಸ ಹೋದವರು ಹೊಸ ಕೆಲಸ ಕಲಿಯಲೆಂದು ಇರುವ ಮರುಕೌಶಲ ನಿಧಿಗೆ ಸಂಸ್ಥೆ ಇನ್ನೂ 15 ದಿನದ ಸಂಬಳ ತುಂಬಬೇಕು, ಆ ಹಣ 45 ದಿನದೊಳಗೆ ನಿಮ್ಮ ಖಾತೆಗೆ ಬರಬೇಕು. ಒಂದು ವರ್ಷದೊಳಗೆ ಅದೇ ಸಂಸ್ಥೆ ಮತ್ತೆ ಜನ ತೆಗೆದುಕೊಂಡರೆ ತೆಗೆದುಹಾಕಿದವರಿಗೆ ಆದ್ಯತೆ ಇದೆ. ರಾಜೀನಾಮೆ ಬರೆದರೆ ಇವು ಯಾವುದೂ ಕೇಳುವ ಹಾಗಿಲ್ಲ.

ಹಾಗಾದರೆ ಆ ಕೋಣೆಯಲ್ಲಿ ಏನು ಹೇಳುವುದು? ಜಗಳ ಬೇಡ. "ಸರ್, ಮನೆಯಲ್ಲಿ ಮಾತಾಡಿ ಹೇಳುತ್ತೇನೆ, ನೀವು ಹೇಳಿದ್ದನ್ನು ಒಂದು ಮೇಲ್ ಮಾಡಿ" ಅಷ್ಟು ಸಾಕು. ಹೊರಗೆ ಬಂದು ಅವರು ಏನೆಂದರು ಎಂದು ದಿನಾಂಕ ಸಮೇತ ಬರೆದಿಡಿ. ಸುದ್ದಿಗೋಷ್ಠಿಯಲ್ಲಿ ಟಿಪ್ಪಣಿ ಬರೆದು ಪಳಗಿದ ಕೈ ನಿಮ್ಮದು. ನೇಮಕಾತಿ ಪತ್ರ, ಸಂಬಳದ ಚೀಟಿ, ಬೈಲೈನ್ (ನಿಮ್ಮ ಹೆಸರು) ಇರುವ ವರದಿಗಳ ಪ್ರತಿ ಅದೇ ವಾರ ಮನೆಗೆ ಬರಲಿ. ಆಫೀಸಿನ ಮೇಲ್ ಯಾವ ಗಳಿಗೆಯಲ್ಲಾದರೂ ಬಂದ್ ಆಗಬಹುದು.

ರಾಜೀನಾಮೆ ಕೊಟ್ಟೇ ಬಿಡುವುದೆಂದು ನೀವು ತೀರ್ಮಾನಿಸಿದರೂ ಗ್ರಾಚ್ಯುಟಿ ನಿಮ್ಮದೇ. ಬೇರೆ ಕಾಯಂ ನೌಕರರಿಗೆ ಐದು ವರ್ಷ ಸೇವೆ ಬೇಕು, ಕಾರ್ಯನಿರತ ಪತ್ರಕರ್ತರಿಗೆ ಮೂರು ವರ್ಷ ಸಾಕು. ಇದು ಎಷ್ಟೋ ಮಂದಿಗೆ ಗೊತ್ತೇ ಇಲ್ಲ. ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಸಿಗಬೇಕು. ಒಂದು ಎಚ್ಚರಿಕೆ: ನಿಗದಿತ ಅವಧಿಯ ಒಪ್ಪಂದದಲ್ಲಿದ್ದು, ಅದು ಮುಗಿದ ಮೇಲೆ ನವೀಕರಿಸದಿದ್ದರೆ ಅದನ್ನು ಕಾನೂನು 'ತೆಗೆದದ್ದು' ಎನ್ನುವುದಿಲ್ಲ. ಒಪ್ಪಂದದ ಕೊನೆಯ ದಿನ ಯಾವುದೆಂದು ಇವತ್ತೇ ನೋಡಿಕೊಳ್ಳಿ.

ತಕರಾರಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಪತ್ರಕರ್ತರ ಸಂಘಕ್ಕೂ ಹೇಳಿ, ಒಬ್ಬರೇ ಹೋಗುವುದಕ್ಕಿಂತ ನಾಲ್ಕು ಜನ ಹೋದರೆ ತೂಕ ಬೇರೆ.

[ಪರದೆ: ಪಿಎಫ್ ಪಾಸ್‌ಬುಕ್]

ದುಡ್ಡಿನ ಬಗ್ಗೆ ಎರಡೇ ಮಾತು. ಪಿಎಫ್ ಪೂರ್ತಿ ಬಳಿಯಬೇಡಿ. ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ 10 ವರ್ಷ ತುಂಬಿದರೆ 58ನೇ ವಯಸ್ಸಿಗೆ ಮಾಸಿಕ ಪಿಂಚಣಿಯ ಹಕ್ಕು ಬರುತ್ತದೆ. ಎಂಟೊಂಬತ್ತು ವರ್ಷ ಆಗಿದ್ದವರು ಪಿಂಚಣಿ ಹಣ ತೆಗೆಯುವ ಬದಲು ಯೋಜನಾ ಪ್ರಮಾಣಪತ್ರ (ಸ್ಕೀಮ್ ಸರ್ಟಿಫಿಕೇಟ್) ಪಡೆದು, ಮುಂದಿನ ಕೆಲಸದ ಸೇವೆಯನ್ನು ಅದಕ್ಕೆ ಸೇರಿಸಿಕೊಳ್ಳಬಹುದು. ಇನ್ನು ಆಫೀಸಿನ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಬಿಡುವ ಮೊದಲೇ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಎಂದು ಕೇಳಿ. ಅಪ್ಪ ಅಮ್ಮನಿಗೆ ಶುಗರ್, ಬಿಪಿ ಇದ್ದರೆ ಇದನ್ನು ಮೊದಲ ಕೆಲಸವಾಗಿ ಮಾಡಿ.

ಆಮೇಲೆ ಏನು ಮಾಡುವುದು? ಎಲ್ಲರೂ ಯೂಟ್ಯೂಬ್ ಎನ್ನುತ್ತಾರೆ. ಮಾಡಿ, ಆದರೆ ಲೆಕ್ಕ ತಿಳಿದಿರಲಿ. ಜಾಹೀರಾತಿನ ಪಾಲು ಬರಬೇಕಾದರೆ 1,000 ಚಂದಾದಾರರು ಬೇಕು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಇಲ್ಲವೇ 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ (ಕಿರು ವಿಡಿಯೋ) ವೀಕ್ಷಣೆ ಬೇಕು. ಅದು ಆದ ಮೇಲೂ ಮನೆ ಬಾಡಿಗೆ ಹುಟ್ಟುವಷ್ಟಾಗಲು ತುಂಬ ಕಾಲ ಬೇಕು. ಅದನ್ನೊಂದೇ ನಂಬಿ ಕೂರಬೇಡಿ. ಕನ್ನಡ, ತುಳು, ಕೊಂಕಣಿ, ಬ್ಯಾರಿ ನಾಲ್ಕೂ ಕಿವಿಗೆ ಬೀಳುವ ಊರಲ್ಲಿ ಬೆಳೆದ ವರದಿಗಾರನಿಗೆ ಅನುವಾದ, ಸಬ್‌ಟೈಟಲ್, ಕರಡು ತಿದ್ದುವುದು, ಆಸ್ಪತ್ರೆ ಮತ್ತು ಕಾಲೇಜುಗಳ ಪ್ರಕಟಣೆ ವಿಭಾಗ, ದೇವಸ್ಥಾನ ಹಾಗೂ ಸಹಕಾರಿ ಸಂಘಗಳ ಸ್ಮರಣ ಸಂಚಿಕೆ, ಹೀಗೆ ಕೆಲಸಗಳಿವೆ. ಸ್ಮರಣ ಸಂಚಿಕೆಗೆ ಸಂಭಾವನೆ ಎಷ್ಟು ಎಂದು ಮೊದಲೇ ಮಾತಾಡಿ. ಪರಿಚಯದವರು ಅಂತ ಸುಮ್ಮನಾದರೆ ಶಾಲು ಹಾರದಲ್ಲೇ ಮುಗಿಯುತ್ತದೆ.

ಪತ್ರಿಕೆ ನಿಲ್ಲುವುದು ಈ ಊರಿಗೆ ಹೊಸತಲ್ಲ. 1843ರ ಜುಲೈ 1ರಂದು ಜರ್ಮನ್ ಮಿಶನರಿ ಹರ್ಮನ್ ಮೊಗ್ಲಿಂಗ್ ಮಂಗಳೂರಲ್ಲಿ ಆರಂಭಿಸಿದ, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಮರುವರ್ಷವೇ ಇಲ್ಲಿ ನಿಂತು ಬಳ್ಳಾರಿಗೆ ಹೋಯಿತು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದ ಷೇರು ಎತ್ತಿ ಕಟ್ಟಿದ 'ಮುಂಗಾರು' ಕೂಡ ಉಳಿಯಲಿಲ್ಲ. ಆದರೆ ಅಲ್ಲಿ ಪಳಗಿದವರು ನಾಡಿನ ಬೇರೆ ಬೇರೆ ಪತ್ರಿಕೆಗಳಿಗೆ ಹೋಗಿ ಹೆಸರು ಮಾಡಿದರು.

[ಪರದೆ: ಹಳ್ಳಿಯ ರಸ್ತೆಯಲ್ಲಿ ಬೈಕ್, ಹೆಗಲಲ್ಲಿ ಕ್ಯಾಮೆರಾ]

ಕೊನೆಗೆ ಸುಳ್ಯ, ಬೆಳ್ತಂಗಡಿ, ಬೈಂದೂರಿನ ಬಿಡಿ ಸುದ್ದಿಗಾರರಿಗೆ ಒಂದು ಮಾತು. ನಿಮಗೆ ನೇಮಕಾತಿ ಪತ್ರವೂ ಇಲ್ಲ, ಪಿಎಫ್ ಕೂಡ ಇಲ್ಲ. ಸುದ್ದಿ ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಆದರೆ ಹಳೆಯ 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯ ವ್ಯಾಖ್ಯೆಯಲ್ಲಿ (ಹೊಸ ಸಂಹಿತೆಯೂ ಅದನ್ನೇ ಹಿಡಿದಿದೆ) ಪತ್ರಿಕಾ ವೃತ್ತಿಯೇ ಮುಖ್ಯ ಕಸುಬಾಗಿ, ಅರೆಕಾಲಿಕವಾಗಿ ನೇಮಕಗೊಂಡವರೂ ಕಾರ್ಯನಿರತ ಪತ್ರಕರ್ತರೇ. ನೇಮಕ ಆಗಿತ್ತು ಎಂದು ತೋರಿಸುವ ಹೊಣೆ ನಿಮ್ಮ ಮೇಲೆ ಬರುತ್ತದೆ, ಅದು ಸುಲಭವಲ್ಲ. ಹಾಗಾಗಿ ಹಣ ಬಂದ ಬ್ಯಾಂಕ್ ವಿವರ, ಬ್ಯೂರೋದಿಂದ "ಇದನ್ನು ಬೇಗ ಕಳಿಸಿ" ಎಂದು ಬಂದ ಸಂದೇಶ, ಸಂಸ್ಥೆ ಕೊಟ್ಟ ಗುರುತಿನ ಚೀಟಿ, ಇವನ್ನೆಲ್ಲ ಈ ಭಾನುವಾರ ಕೂತು ಒಂದು ಕಡತದಲ್ಲಿ ಸೇರಿಸಿ. ನಿಮ್ಮ ಪ್ರಶ್ನೆಗಳಿದ್ದರೆ ಹೆಸರು, ಪತ್ರಿಕೆಯ ಹೆಸರು ಹಾಕದೆ ಬರೆದು ಕಳಿಸಿ, ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ಕೂರಿಸಿ ಮುಂದಿನ ವಿಡಿಯೋದಲ್ಲಿ ಕೇಳುತ್ತೇನೆ.