ಕಸ ಒಂದಾ, ಎರಡಾ?

ನಮಸ್ಕಾರ. ಹಾಸನದಿಂದ ಮಾತಾಡ್ತಿದೀನಿ. ಹೊರಗಡೆ ಮಳೆ, ಮೈಕಿಗೆ ಸದ್ದು ಬಂದ್ರೆ ಸಹಿಸ್ಕೊಳ್ಳಿ.

ಮನೇಲಿ ಯಾರಿಗಾದ್ರೂ ಅವಳಿ ಅಂತ ಗೊತ್ತಾದ್ರೆ ನಮ್ಮ ಕಡೆ ಏನೇನು ಕೇಳ್ತಾರೆ ಅಂತ ನಿಮಗೂ ಗೊತ್ತು. 'ನಿಮ್ಮ ಮನೆತನದಲ್ಲಿ ಯಾರಿಗಾದ್ರೂ ಆಗಿತ್ತಾ?' 'ಜೋಡಿ ಬಾಳೆಹಣ್ಣು ತಿಂದಿದ್ಯೇನೆ?' 'ಎರಡೂ ಒಂದೇ ಥರ ಇರ್ತವಾ?' ನನ್ನ ತಂಗಿಗೂ ಇಷ್ಟನ್ನೂ ಕೇಳಿದ್ರು. ನಾನೂ ಕೇಳಿದೆ. ಯಾರೂ ಕೇಳದೇ ಹೋಗಿದ್ದು ಒಂದೇ: ಕಸ ಒಂದಾ, ಎರಡಾ?

ಕಸ ಅಂದ್ರೆ ಗುಡಿಸೋ ಕಸ ಅಲ್ಲ. ಹಸು ಕರು ಹಾಕಿದ ಮೇಲೆ 'ಕಸ ಬಿತ್ತಾ' ಅಂತ ಕೊಟ್ಟಿಗೆಗೆ ಹತ್ತು ಸಲ ಓಡ್ತೀವಲ್ಲ, ಅದು. ಮಾಸು ಅಂತಲೂ ಅಂತಾರೆ, ಆಸ್ಪತ್ರೇಲಿ ಪ್ಲಾಸೆಂಟಾ. ಹಸುವಿನ ವಿಷಯದಲ್ಲಿ ಇಷ್ಟು ಹುಷಾರಾಗಿರೋ ನಾವು ಅವಳಿ ಹೊತ್ತ ಹೆಂಗಸಿನ ವಿಷಯದಲ್ಲಿ ಆ ಪ್ರಶ್ನೆ ಎತ್ತೋದೇ ಇಲ್ಲ. ಇವತ್ತಿನ ನನ್ನ ತಕರಾರು ಇಷ್ಟೇ.

ಅವಳಿಗಳು ಈಗ ಜಾಸ್ತಿ ಆಗಿವೆ ಅಂತ ನಿಮಗೆ ಅನ್ನಿಸಿದ್ರೆ ಅದು ಭ್ರಮೆ ಅಲ್ಲ. 1980ರ ದಶಕದ ಶುರುವಿನಲ್ಲಿ ಪ್ರಪಂಚದಲ್ಲಿ 1000 ಹೆರಿಗೆಗೆ 9 ಅವಳಿ ಹೆರಿಗೆ ಆಗ್ತಿತ್ತು. 2010-15ರ ಹೊತ್ತಿಗೆ ಅದು 12ಕ್ಕೆ ಏರಿತ್ತು. 2021ರಲ್ಲಿ ಬಂದ ಲೆಕ್ಕ ಇದು: ವರ್ಷಕ್ಕೆ ಸುಮಾರು 16 ಲಕ್ಷ ಜೋಡಿ, ಅಂದ್ರೆ ಹುಟ್ಟೋ 42 ಮಕ್ಕಳಲ್ಲಿ ಒಂದು ಅವಳಿ ಮಗು. ತಮಾಷೆ ನೋಡಿ, ಒಂದೇ ಅಂಡ ಎರಡಾಗಿ ಹುಟ್ಟೋ ತದ್ರೂಪಿ ಅವಳಿಗಳ ಸಂಖ್ಯೆ ಎಲ್ಲಾ ದೇಶದಲ್ಲೂ, ಎಲ್ಲಾ ಕಾಲದಲ್ಲೂ 1000ಕ್ಕೆ 4ರ ಆಸುಪಾಸಿನಲ್ಲೇ ನಿಂತಿದೆ. ಅದಕ್ಕೆ ಮನೆತನವೂ ಇಲ್ಲ, ಬಾಳೆಹಣ್ಣೂ ಇಲ್ಲ. ಏರಿರೋದೆಲ್ಲ ಎರಡು ಅಂಡದ ಅವಳಿ. ತಾಯಿ ಕಡೆಯಿಂದ ಬರೋದು ಇದೇ, ವಯಸ್ಸು ಮೂವತ್ತು ದಾಟಿದ ಮೇಲೆ ಹೆಚ್ಚಾಗೋದೂ ಇದೇ. ಮಕ್ಕಳಾಗಲಿ ಅಂತ ತಗೊಳ್ಳೋ ಚಿಕಿತ್ಸೆಯಿಂದ ಆಗೋದೂ ಹೆಚ್ಚಾಗಿ ಇದೇ.

ಚಿಕಿತ್ಸೆ ಅಂದ ತಕ್ಷಣ ಎಲ್ಲರಿಗೂ ಐವಿಎಫ್ ನೆನಪಾಗುತ್ತೆ. ಊರಲ್ಲಿ ಬೋರ್ಡುಗಳೂ ಹಾಗೇ ಏಳ್ತಿವೆ. ಆದ್ರೆ ಅದಕ್ಕಿಂತ ಮೊದಲು ಅಂಡ ಬೆಳೆಸೋ ಮಾತ್ರೆ ಇದೆ. ಕ್ಲೋಮಿಫೀನ್ ತಗೊಂಡು ಗರ್ಭ ನಿಂತವರಲ್ಲಿ 100ಕ್ಕೆ 7-8 ಜನಕ್ಕೆ ಅವಳಿ, ಲೆಟ್ರೋಜೋಲ್‌ನಲ್ಲಿ ಅದರ ಅರ್ಧದಷ್ಟು. ಎಷ್ಟು ಅಂಡ ಬೆಳೀತಿದೆ ಅಂತ ಸ್ಕ್ಯಾನಲ್ಲಿ ನೋಡ್ಕೊಂಡು ಕೊಡಬೇಕಾದ ಮಾತ್ರೆ ಇದು. 'ನನಗೆ ಇದರಲ್ಲೇ ಆಯ್ತು ಕಣೆ' ಅಂತ ಓರಗಿತ್ತಿ ಕೈಗೆ ಪಟ್ಟಿ ದಾಟಿಸೋದನ್ನ ಕಣ್ಣಾರೆ ನೋಡಿದೀನಿ. ಬೈಯೋಕೂ ಮನಸ್ಸು ಬರಲ್ಲ. ಮದುವೆಯಾಗಿ ಎರಡು ವರ್ಷ ಆಗೋಷ್ಟರಲ್ಲಿ 'ಇನ್ನೂ ಏನೂ ಇಲ್ವಾ' ಅಂತ ಜೀವ ತಿನ್ನೋರು ನಾವೇ ತಾನೆ?

ಈಗ ಕಸದ ವಿಷಯ. ಎರಡು ಅಂಡದ ಅವಳಿ ಆದ್ರೆ ಕಸ ಎರಡು. ಹಳೇಬೀಡಿನ ದೇವಸ್ಥಾನ ನೋಡಿದೀರಲ್ಲ, ಜಗತಿ ಒಂದೇ, ಗರ್ಭಗುಡಿ ಎರಡು, ಹಾಗೆ. ಒಂದೇ ಅಂಡದ್ದಾದ್ರೆ ಮೂರರಲ್ಲಿ ಎರಡು ಪಾಲು ಜೋಡಿಗೆ ಕಸ ಒಂದೇ, ಉಳಿದವಕ್ಕೆ ಎರಡು. ಕಸ ಒಂದೇ ಆದಾಗ ಎರಡು ಮಕ್ಕಳ ರಕ್ತನಾಳ ಅದರೊಳಗೆ ಕೂಡ್ಕೊಂಡಿರುತ್ತೆ. ಇಂಥ 100 ಬಸುರಿನಲ್ಲಿ 10ರಿಂದ 15ರಲ್ಲಿ ರಕ್ತದ ಲೆಕ್ಕ ತಪ್ಪಿ, ಒಂದು ಮಗು ಕೊಡ್ತಾನೇ ಇರುತ್ತೆ, ಇನ್ನೊಂದು ತಗೋತಾನೇ ಇರುತ್ತೆ. ಕೊಡೋ ಮಗು ಸುತ್ತ ನೀರು ಬತ್ತುತ್ತೆ, ತಗೊಳ್ಳೋ ಮಗು ಸುತ್ತ ನೀರು ಉಕ್ಕುತ್ತೆ. ಹೊಟ್ಟೆ ನಾಲ್ಕು ದಿನದಲ್ಲಿ ತಮಟೆ ಥರ ಬಿಗಿಯಾಗುತ್ತೆ, ಉಸಿರು ಕಟ್ಟುತ್ತೆ. ನಾವು 'ಅವಳಿ ಅಲ್ವಾ, ಹಂಗೇ ಕಣಮ್ಮ' ಅಂದು ಸುಮ್ಮನಿರಿಸ್ತೀವಿ. ಹೊತ್ತಿಗೆ ಸರಿಯಾಗಿ ಗೊತ್ತಾದ್ರೆ ಆ ನಾಳಗಳನ್ನ ಲೇಸರ್‌ನಲ್ಲಿ ಮುಚ್ಚಬಹುದು, ಆದ್ರೆ ಅದಕ್ಕೆ ದೊಡ್ಡ ಊರಿಗೇ ಓಡಬೇಕು. ಹೊತ್ತು ಮೀರಿದ್ರೆ ಎರಡೂ ಕೈ ತಪ್ಪಬಹುದು. ಅದಕ್ಕೇ ಕಸ ಒಂದಾದ್ರೆ 16ನೇ ವಾರದಿಂದ ಎರಡು ವಾರಕ್ಕೊಂದು ಸ್ಕ್ಯಾನ್, ಎರಡಾದ್ರೆ ನಾಲ್ಕು ವಾರಕ್ಕೊಂದು ಸಾಕು.

ಇದು ಚೆನ್ನಾಗಿ ಕಾಣೋದು 11ರಿಂದ 14ನೇ ವಾರದೊಳಗೆ. ಎರಡು ಚೀಲಗಳ ಮಧ್ಯದ ಪರದೆ ಕಸಕ್ಕೆ ಸೇರೋ ಜಾಗದಲ್ಲಿ ತ್ರಿಕೋನದ ಮೊನೆ ಥರ ಕಂಡ್ರೆ ಕಸ ಎರಡು, ನೇರ ಟಿ ಅಕ್ಷರದ ಥರ ಕಂಡ್ರೆ ಒಂದು. ಆಮೇಲೆ ಆ ಮೊನೆ ಮಾಸಿ ಹೋಗುತ್ತೆ.

ನನ್ನ ತಂಗಿ ಇರೋದು ಸಕಲೇಶಪುರ ತಾಲ್ಲೂಕಿನಲ್ಲಿ, ಹಾನುಬಾಳಿನ ಆಚೆ. ಎಂಟನೇ ವಾರದಲ್ಲಿ ಒಂದು ಕಡೆ ಸ್ಕ್ಯಾನ್ ಮಾಡಿಸಿದ್ಲು, ರಿಪೋರ್ಟಿನಲ್ಲಿ 'ಅವಳಿ' ಅಂತ ಒಂದು ಸಾಲು. ಮುಂದಿನ ತಿಂಗಳು ಬಾ ಅಂತ ಅಲ್ಲಿ ಯಾರೂ ಹೇಳಲಿಲ್ಲ, ಐದನೇ ತಿಂಗಳಿಗೆ ಬಾ ಅಂದ್ರು. ಹೇಳಿದ್ರೂ ಹೋಗ್ತಿದ್ಲೋ ಇಲ್ವೋ, ಡಿಸೆಂಬರ್, ಕಾಫಿ ಕುಯ್ಲು, ಮನೆಯವರೆಲ್ಲ ತೋಟದಲ್ಲಿ. 20ನೇ ವಾರಕ್ಕೆ ಹಾಸನಕ್ಕೆ ಕರ್ಕೊಂಡು ಬಂದೆ. ಡಾಕ್ಟರಮ್ಮ ತುಂಬಾ ಹೊತ್ತು ನೋಡಿದ್ರು. 'ಕಸ ಒಂದಕ್ಕೊಂದು ಅಂಟ್ಕೊಂಡಿದೆ, ಒಂದೋ ಎರಡೋ ಈಗ ಹೇಳೋಕಾಗಲ್ಲ. ಗೊತ್ತಿಲ್ಲ ಅಂದ್ರೆ ಒಂದೇ ಅಂತ ತಿಳ್ಕೊಂಡೇ ನೋಡ್ಕೋಬೇಕು' ಅಂದ್ರು. ಸರಿಯಾದ ಮಾತು, ಪದ್ಧತಿಯೂ ಅದೇ.

ಇನ್ನೊಂದು ದಾರಿ ಇದೆ. ಒಂದು ಗಂಡು, ಒಂದು ಹೆಣ್ಣು ಅಂತ ಕಂಡ್ರೆ ಅಂಡ ಎರಡು, ಹಾಗಾಗಿ ಕಸವೂ ಎರಡೇ. ಹೊರದೇಶದಲ್ಲಿ ತಡವಾಗಿ ಬಂದವರಿಗೆ ಹಾಗೂ ನೋಡ್ತಾರೆ. ನಮ್ಮಲ್ಲಿ 1994ರ ಕಾನೂನು ಪ್ರಕಾರ ಭ್ರೂಣದ ಲಿಂಗ ನೋಡಿ ಹೇಳೋ ಹಾಗಿಲ್ಲ. ಆ ಕಾನೂನು ಇರಲೇಬೇಕು, ನಮ್ಮ ಜನಕ್ಕೆ ಅದು ಬೇಕು. ಆದ್ರೆ ಆ ಬಾಗಿಲು ಮುಚ್ಚಿರೋದ್ರಿಂದ ಹನ್ನೆರಡನೇ ವಾರದ ಸ್ಕ್ಯಾನ್ ನಮಗೆ ಬೇರೆಯವರಿಗಿಂತ ಹೆಚ್ಚು ಬೇಕು. ತಾಯಿ ಕಾರ್ಡಿನಲ್ಲಿ ರಕ್ತ ಎಷ್ಟಿದೆ ಅಂತ ಬರೀತಾರೆ, ತೂಕ ಬರೀತಾರೆ. ಅವಳಿ ಅಂತಾದ್ರೆ ಪಕ್ಕದಲ್ಲಿ 'ಕಸ ಒಂದು' ಅಥವಾ 'ಕಸ ಎರಡು' ಅಂತ ದಪ್ಪಕ್ಷರದಲ್ಲಿ ಬರೀಲಿ. ಖರ್ಚು ಒಂದು ಪೆನ್ನಿನ ಇಂಕು. ಆಶಾ ಅಕ್ಕಂದಿರಿಗೆ ಕಬ್ಬಿಣದ ಮಾತ್ರೆ ಎಣಿಸೋದು ಕಲಿಸಿದೀವಿ, ಈ ಒಂದು ಪ್ರಶ್ನೆ ಕಲಿಸೋದು ಕಷ್ಟವೇನಲ್ಲ.

ಅವಳಿ ಅಂದ್ರೆ ಸಿಸೇರಿಯನ್ನೇ ಅನ್ನೋದನ್ನೂ ನಾನು ಒಪ್ಪಲ್ಲ. 2013ರಲ್ಲಿ ಬಂದ ಅಧ್ಯಯನ, 2800 ಹೆಂಗಸರು, ಹಲವು ದೇಶ: ಮೊದಲನೇ ಮಗುವಿನ ತಲೆ ಕೆಳಗಿದ್ರೆ, ಮುಂಚೆಯೇ ನಿಗದಿ ಮಾಡಿ ಕುಯ್ಯೋದ್ರಿಂದ ಮಕ್ಕಳಿಗೇನೂ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ರೆ ಎರಡನೇ ಮಗು ಅಡ್ಡ ತಿರುಗಿದ್ರೆ ಆ ಕ್ಷಣಕ್ಕೆ ಪಳಗಿದ ಕೈ ಬೇಕು, ರಕ್ತ ಬೇಕು, ಅರಿವಳಿಕೆ ಡಾಕ್ಟರ್ ಬೇಕು. ರಾತ್ರಿ ಎರಡು ಗಂಟೆಗೆ ಇವೆಲ್ಲ ಇರೋ ಜಾಗ ಯಾವುದು ಅಂತ ಏಳನೇ ತಿಂಗಳಿಗೇ ಕೇಳಿಟ್ಕೊಳ್ಳಿ.

ತಂಗಿ ಕಥೆಗೆ ಬರ್ತೀನಿ. ಎರಡು ವಾರಕ್ಕೊಮ್ಮೆ, ಒಟ್ಟು ಎಂಟು ಸ್ಕ್ಯಾನ್. ಬೆಳಗಿನ ಮೊದಲನೇ ಬಸ್ಸು, ಸಕಲೇಶಪುರದಲ್ಲಿ ಇನ್ನೊಂದು ಬಸ್ಸು, ವಾಪಸ್ ಹೋಗೋಷ್ಟರಲ್ಲಿ ಕತ್ತಲು. ಭಾವನಿಗೆ ಎಂಟು ದಿನದ ಕೂಲಿ ಹೋಯ್ತು. ಕಸ ಒಂದೇ ಅಂತ ಇಟ್ಕೊಂಡಿದ್ರಿಂದ 36 ವಾರಕ್ಕೇ ದಿನ ಗೊತ್ತು ಮಾಡಿದ್ರು, ಎರಡು ಅಂತ ಗೊತ್ತಿದ್ರೆ ಇನ್ನೊಂದು ವಾರ ಕಾಯಬಹುದಿತ್ತು. ಮೊದಲನೇ ಮಗು ಅಡ್ಡ ಇದ್ದಿದ್ರಿಂದ ಸಿಸೇರಿಯನ್ ಬೇಕೇ ಆಯ್ತು. ಎರಡೂ ಎರಡು ಕೆಜಿ ಒಳಗೆ. ಚಿಕ್ಕದು ಆರು ದಿನ ಗಾಜಿನ ಪೆಟ್ಟಿಗೇಲಿ, ಆಮೇಲೆ ಅವರಮ್ಮನ ಎದೆ ಮೇಲೆ ಬರೀ ಮೈಗೆ ಮೈ ತಾಗಿಸ್ಕೊಂಡು ಮಲಗ್ತಿತ್ತು. ಒಂದಕ್ಕೆ ಅವಳು, ಇನ್ನೊಂದಕ್ಕೆ ಭಾವ, ಅಂಗಿ ಬಿಚ್ಚಿ, ನಾಚ್ಕೊಂಡು. ಭಾವನ ಅಮ್ಮ ವಾರ್ಡಿನ ಬಾಗಿಲಲ್ಲಿ ನಿಂತು 'ಗಂಡಸು ಮಾಡೋ ಕೆಲಸವಾ ಇದು' ಅಂದಿದ್ದಕ್ಕೆ ನರ್ಸಮ್ಮ ಚೆನ್ನಾಗಿ ಉಗಿದ್ರು.

ಆಪರೇಷನ್ ದಿನ ಹೊರಗಡೆ ಬಂದು ಹೇಳಿದ್ದೂ ಅದೇ ನರ್ಸಮ್ಮ. ಒಂದು ಗಂಡು, ಒಂದು ಹೆಣ್ಣು. ನಮ್ಮಮ್ಮ ಅಲ್ಲೇ ಕೈ ಮುಗಿದ್ಲು. ನಾನು ಮಾತ್ರ ಗೋಡೆಗೆ ಒರಗಿ ಲೆಕ್ಕ ಹಾಕ್ತಿದ್ದೆ, ಎಂಟರಲ್ಲಿ ನಾಲ್ಕು ಸ್ಕ್ಯಾನ್ ಬೇಡವಾಗಿತ್ತು.