ನಿಧಾನವಾಗಿ ಓಡುವ ಅಮ್ಮಂದಿರಿಗೆ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಓಟದ ಬಗ್ಗೆ ನಾಲ್ಕು ಮಾತು. ಪದಕದ ಓಟ ಅಲ್ಲ, ಟಿ.ವಿ.ಯಲ್ಲಿ ನೋಡುವ ಓಟವೂ ಅಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಆಟೋಟ ಅಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ, ಆದರೂ ‘ನಾನೂ ಓಡಿದರೆ ಹೇಗೆ?’ ಅಂತ ಯಾವಾಗಲೋ ಒಮ್ಮೆ ಅನಿಸಿರುತ್ತದಲ್ಲ, ಅಂಥ ಅಮ್ಮಂದಿರ ಓಟ. ನಾನೂ ಅದೇ ಪೈಕಿ. ಎರಡು ಮಕ್ಕಳ ತಾಯಿ. ಎರಡು ಮಹಡಿ ಮೆಟ್ಟಿಲು ಹತ್ತಿದರೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದವಳು.

‘ನನಗೆ ಓಡೋಕೆ ಬರಲ್ಲ’ ಅಂತ ನಮ್ಮಲ್ಲಿ ಎಷ್ಟೋ ಜನ ಹೇಳುತ್ತೇವೆ. ಇದನ್ನು ತೀರ್ಮಾನ ಮಾಡಿದ್ದು ಯಾರು, ಯಾವಾಗ? ನೆನಪು ಮಾಡಿಕೊಳ್ಳಿ. ಹೆಚ್ಚಿನವರಿಗೆ ಅದು ಶಾಲೆಯ ಮೈದಾನದಲ್ಲೇ ಆಗಿಹೋದ ತೀರ್ಮಾನ. ಸುಣ್ಣದ ಗೆರೆ, ಒಂದು ಸೀಟಿ, ನೂರು ಮೀಟರ್. ಮುಂದೆ ಬಂದವರಿಗೆ ಬಹುಮಾನ. ಹಿಂದೆ ಉಳಿದವರಿಗೆ ಮುಂದಿನ ವರ್ಷದಿಂದ ನೆರಳಲ್ಲಿ ಕೂತು ಚಪ್ಪಾಳೆ ತಟ್ಟುವ ಕೆಲಸ. ಅಲ್ಲಿ ಅಳೆದದ್ದು ವೇಗ ಒಂದನ್ನೇ. ‘ಇವಳು ಅರ್ಧ ಗಂಟೆ ನಿಧಾನವಾಗಿ ಓಡಬಲ್ಲಳಾ?’ ಅಂತ ಯಾರೂ ನೋಡಲೇ ಇಲ್ಲ. ಅವೆರಡೂ ಬೇರೆ ಬೇರೆ ಕೆಲಸ. ನಮ್ಮ ಸ್ನಾಯುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಎಳೆಗಳಿವೆ. ಒಂದು ಬಗೆ ಸರಕ್ಕನೆ ಬಲ ಕೊಡುತ್ತದೆ, ಅಷ್ಟೇ ಬೇಗ ದಣಿಯುತ್ತದೆ. ಇನ್ನೊಂದು ನಿಧಾನ, ಆದರೆ ತುಂಬಾ ಹೊತ್ತು ದುಡಿಯುತ್ತದೆ. ನೂರು ಮೀಟರ್ ಓಟದಲ್ಲಿ ಈ ಎರಡನೆಯದರ ತಾಳಿಕೆ ಎಷ್ಟು ಅಂತ ಗೊತ್ತಾಗುವುದೇ ಇಲ್ಲ. ಹಾಗಾಗಿ ‘ನನಗೆ ಜೋರಾಗಿ ಓಡೋಕೆ ಬರಲ್ಲ’ ಅನ್ನಿ, ಒಪ್ಪುತ್ತೇನೆ. ಓಡೋಕೇ ಬರಲ್ಲ ಅನ್ನೋದನ್ನು ಇನ್ನೂ ಯಾರೂ ಸಾಬೀತು ಮಾಡಿಲ್ಲ.

ಹೆಂಗಸರ ವಿಷಯದಲ್ಲಿ ದೊಡ್ಡ ದೊಡ್ಡವರೇ ಇಂಥ ಆತುರದ ತೀರ್ಮಾನ ಮಾಡಿದ್ದಾರೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮೊದಲ ಸಲ 800 ಮೀಟರ್ ಓಟ ಇಟ್ಟರು. ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆ ಮಾಡಿ ಗೆದ್ದರು. ಪತ್ರಿಕೆಗಳು ಮಾತ್ರ ಓಡಿ ಮುಗಿಸಿದವರು ಸುಸ್ತಾಗಿ ನೆಲಕ್ಕೆ ಬಿದ್ದದ್ದನ್ನೇ ಉಪ್ಪುಖಾರ ಹಚ್ಚಿ ಬರೆದವು. ಗಂಡಸರು ಓಡಿ ಬಿದ್ದರೆ ಅದು ಶೌರ್ಯ, ಹೆಂಗಸರು ಬಿದ್ದರೆ ಅದು ಅಪಾಯ. ಸರಿ, ಆ ಓಟವನ್ನೇ ತೆಗೆದುಹಾಕಿದರು. ಮತ್ತೆ ಬಂದದ್ದು 1960ರಲ್ಲಿ, ರೋಮ್‌ನಲ್ಲಿ. 1967ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಕ್ಯಾಥರಿನ್ ಸ್ವಿಟ್ಜರ್ ನಂಬರ್ ಹಾಕಿಕೊಂಡು ಓಡುತ್ತಿದ್ದಾಗ, ನಡೆಸುವವರಲ್ಲಿ ಒಬ್ಬರು ರಸ್ತೆಗೇ ನುಗ್ಗಿ ಆ ನಂಬರ್ ಕಿತ್ತುಕೊಳ್ಳಲು ಹೋದರು. ಆಕೆ ನಿಲ್ಲಲಿಲ್ಲ, ಪೂರ್ತಿ ಓಡಿದರು. ಬಾಸ್ಟನ್‌ನಲ್ಲಿ ಹೆಂಗಸರಿಗೆ ಅಧಿಕೃತವಾಗಿ ಬಾಗಿಲು ತೆರೆದದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಶುರುವಾಗಿದ್ದು 1984ರಲ್ಲಿ. ತೀರಾ ಹಳೆಯ ಕಾಲದ ಕಥೆಯೇನಲ್ಲ, ಅಲ್ವಾ?

ತಾಯಂದಿರ ಮಾತು ಬಂದಾಗ ಎಲ್ಲರೂ ಫ್ಯಾನಿ ಬ್ಲಾಂಕರ್ಸ್ ಕೋಯೆನ್ ಹೆಸರು ಹೇಳುತ್ತಾರೆ. ನೆದರ್ಲೆಂಡ್ಸ್‌ನವರು, ಎರಡು ಮಕ್ಕಳ ತಾಯಿ, ಮೂವತ್ತು ವರ್ಷ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದರು. ಕೇಳೋಕೆ ಖುಷಿಯಾಗುತ್ತದೆ. ಆದರೆ ನಿಜ ಹೇಳಬೇಕಂದರೆ, ರಾತ್ರಿ ಎರಡು ಸಲ ಎದ್ದು ಮಗುವಿಗೆ ಹಾಲು ಕೊಟ್ಟ ಅಮ್ಮನಿಗೆ ಬೆಳಿಗ್ಗೆ ಈ ಕಥೆಯಿಂದ ಯಾವ ಉಪಯೋಗವೂ ಇಲ್ಲ. ಅವರು ತಾಯಿಯಾಗುವ ಮೊದಲೇ ಓಟಗಾರ್ತಿ. ನಮಗೆ ಬೇಕಾದ್ದು ಸೊನ್ನೆಯಿಂದ ಶುರು ಮಾಡುವ ದಾರಿ.

ಆ ದಾರಿ ಇದೆ. 1996ರಲ್ಲಿ ಅಮೆರಿಕದ ಜಾಶ್ ಕ್ಲಾರ್ಕ್ ಅನ್ನುವವರು ಒಂದು ಪಟ್ಟಿ ತಯಾರಿಸಿದರು. ಓಡಿ ಅಭ್ಯಾಸವಿಲ್ಲದ ತಮ್ಮ ತಾಯಿಯೂ ಓಡುವ ಹಾಗಿರಬೇಕು ಅನ್ನುವುದು ಅವರ ಮನಸ್ಸಿನಲ್ಲಿತ್ತು. ‘ಕೌಚ್ ಟು ಫೈವ್‌ಕೆ’ ಅಂತ ಅದರ ಹೆಸರು. ಸೋಫಾದಿಂದ ಎದ್ದವರನ್ನು ಒಂಬತ್ತು ವಾರದಲ್ಲಿ ಐದು ಕಿಲೋಮೀಟರ್ ತನಕ ತಂದು ನಿಲ್ಲಿಸುವ ಪಟ್ಟಿ. ವಾರಕ್ಕೆ ಮೂರು ದಿನ ಮಾತ್ರ. ಮೊದಲ ವಾರ ಮಾಡುವುದು ಇಷ್ಟೇ: ಐದು ನಿಮಿಷ ಚುರುಕಾಗಿ ನಡಿಗೆ. ಆಮೇಲೆ ಅರವತ್ತು ಸೆಕೆಂಡ್ ಓಟ, ತೊಂಬತ್ತು ಸೆಕೆಂಡ್ ನಡಿಗೆ. ಹೀಗೇ ಒಂದಾದ ಮೇಲೆ ಒಂದು, ಇಪ್ಪತ್ತು ನಿಮಿಷ. ಮುಂದಿನ ವಾರಗಳಲ್ಲಿ ಓಟ ಸ್ವಲ್ಪ ಸ್ವಲ್ಪವೇ ಜಾಸ್ತಿ, ನಡಿಗೆ ಕಡಿಮೆ.

ಅರವತ್ತು ಸೆಕೆಂಡ್ ಅಂದರೆ ಏನು ಮಹಾ ಅನಿಸುತ್ತದೆ. ಓಡಿ ನೋಡಿ. ನಲವತ್ತಕ್ಕೆ ಬರುವಷ್ಟರಲ್ಲಿ ಗಂಟಲು ಒಣಗಿರುತ್ತದೆ, ಪಕ್ಕೆಯಲ್ಲಿ ಚುಚ್ಚುತ್ತಿರುತ್ತದೆ, ಕಣ್ಣು ಗಡಿಯಾರ ಬಿಟ್ಟು ಕದಲುವುದಿಲ್ಲ. ಯಾಕೆ ಗೊತ್ತಾ? ಓಡು ಅಂದ ತಕ್ಷಣ ನಮ್ಮ ಕಾಲಿಗೆ ನೆನಪಾಗುವುದು ಆ ಸೀಟಿಯ ಓಟವೇ. ಸುಮ್ನೆ ವೇಗ ಇಳಿಸಿ. ಇನ್ನೂ ಇಳಿಸಿ. ಜೊತೆಯಲ್ಲಿ ಒಬ್ಬರಿದ್ದಾರೆ ಅಂದುಕೊಂಡು ಒಂದು ಪೂರ್ತಿ ವಾಕ್ಯ ಜೋರಾಗಿ ಹೇಳಿ. ನಡುವೆ ಉಸಿರು ಸಿಕ್ಕಿಹಾಕಿಕೊಂಡರೆ ನೀವು ಜೋರಾಗಿ ಓಡುತ್ತಿದ್ದೀರಿ ಅಂತಲೇ ಅರ್ಥ. ನಾನು ಒಂದನೇ ತರಗತಿಯ ಮಗ್ಗಿ ಹೇಳಿಕೊಂಡು ಓಡುತ್ತಿದ್ದೆ. ಎರಡರ ಮಗ್ಗಿ ಏದುಸಿರಿಲ್ಲದೆ ಮುಗಿದರೆ ವೇಗ ಸರಿಯಾಗಿದೆ. ನಡೆಯುವವರು ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು, ಅದೂ ಫೋನಿನಲ್ಲಿ ಮಾತಾಡುತ್ತಾ. ಹೋಗಲಿ ಬಿಡಿ. ಓಟದಲ್ಲಿ ಎರಡು ಪಾದವೂ ಒಂದು ಕ್ಷಣ ನೆಲ ಬಿಟ್ಟಿರುತ್ತವೆ, ನಡಿಗೆಯಲ್ಲಿ ಬಿಡುವುದಿಲ್ಲ. ವ್ಯತ್ಯಾಸ ಅಷ್ಟೇ. ವೇಗದ ಮಾತು ಅದರಲ್ಲಿ ಎಲ್ಲೂ ಇಲ್ಲ.

ಕೊನೆಯವಳಾಗಿ ಬಂದರೆ ನಾಚಿಕೆ ಅನ್ನುವವರಿಗೆ ಇನ್ನೊಂದು ಸಂಗತಿ. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ ಹದಿಮೂರು ಜನ ಸೇರಿ ಐದು ಕಿಲೋಮೀಟರ್ ಓಡಿದರು. ಅದೇ ಈಗ ಹಲವು ದೇಶಗಳಲ್ಲಿ ನಡೆಯುವ ‘ಪಾರ್ಕ್‌ರನ್’. ದುಡ್ಡು ಕೊಡಬೇಕಿಲ್ಲ, ನಡೆದರೂ ಆಯಿತು. ಅಲ್ಲಿ ಸ್ವಯಂಸೇವಕರೊಬ್ಬರಿಗೆ ಎಲ್ಲರಿಗಿಂತ ಹಿಂದೆ ಬರುವುದೇ ಕೆಲಸ. ಅವರಿರುವುದರಿಂದ ಓಡೋಕೆ ಬಂದವರು ಯಾರೂ ಕೊನೆಯವರಾಗುವುದಿಲ್ಲ. ಇಂಥ ಉಪಾಯ ಹೊಳೆದವರ ಮೇಲೆ ನನಗೆ ಭಾರಿ ಗೌರವ.

ನಿಧಾನಕ್ಕೆ ಇನ್ನೊಂದು ಕಾರಣವೂ ಇದೆ. ಓಡುವಾಗ ಒಂದೊಂದು ಹೆಜ್ಜೆಗೂ ಕಾಲಿನ ಮೇಲೆ ನಮ್ಮ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಹೃದಯ, ಶ್ವಾಸಕೋಶ ಇದಕ್ಕೆಲ್ಲ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಮೂಳೆಗೆ, ಸ್ನಾಯುವನ್ನು ಮೂಳೆಗೆ ಕಟ್ಟುವ ನಾರಿಗೆ ತಿಂಗಳುಗಳೇ ಬೇಕು. ಹಾಗಾಗಿ ಅಪಾಯ ಇರುವುದು ಮೊದಲ ದಿನ ಅಲ್ಲ. ಉಸಿರು ಹಿಡಿತಕ್ಕೆ ಬಂದು ‘ಆಹಾ, ಇವತ್ತು ಇನ್ನೂ ಎರಡು ಸುತ್ತು ಓಡ್ತೀನಿ’ ಅನಿಸುವ ದಿನ. ಆ ದಿನ ಪಟ್ಟಿಯಲ್ಲಿ ಇದ್ದಷ್ಟೇ ಓಡಿ ಮನೆಗೆ ಬನ್ನಿ. ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯ ಗುಂಟ ನೋವು ಶುರುವಾದರೆ ಎರಡು ಮೂರು ದಿನ ಬಿಟ್ಟುಬಿಡಿ. ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಎದೆನೋವು, ತಲೆಸುತ್ತು ಬಂದರಂತೂ ಅಲ್ಲೇ ನಿಲ್ಲಿಸಬೇಕು, ಅದರಲ್ಲಿ ಚೌಕಾಸಿ ಇಲ್ಲ.

ಈಗ ಯಾರೂ ಬಾಯಿ ಬಿಟ್ಟು ಹೇಳದ ವಿಷಯ. ಹೆರಿಗೆಯಾದ ಮೇಲೆ ಓಡುವಾಗ, ಜಿಗಿಯುವಾಗ, ಸೀನುವಾಗ ಮೂತ್ರ ಹನಿಯುವುದು. ತುಂಬಾ ಹೆಂಗಸರಿಗೆ ಹೀಗಾಗುತ್ತದೆ. ಗರ್ಭಕೋಶ, ಮೂತ್ರಕೋಶ ಎಲ್ಲವನ್ನೂ ಕೆಳಗಿನಿಂದ ಹಿಡಿದಿಟ್ಟುಕೊಳ್ಳುವ ಸ್ನಾಯುಗಳು ಬಸುರಿನಲ್ಲಿ, ಹೆರಿಗೆಯಲ್ಲಿ ಸಡಿಲವಾಗಿರುತ್ತವೆ. ಕಾರಣ ಅಷ್ಟೇ. ‘ಮಕ್ಕಳಾದ ಮೇಲೆ ಇದೆಲ್ಲ ಇದ್ದದ್ದೇ’ ಅಂತ ಹೇಳಿ ಕೈ ತೊಳೆದುಕೊಳ್ಳುವವರಿದ್ದಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ಸಾಮಾನ್ಯ ಅನ್ನುವುದೇನೋ ಸರಿ, ಸಹಿಸಿಕೊಂಡೇ ಇರಬೇಕು ಅನ್ನುವುದು ತಪ್ಪು. ಮೂತ್ರ ತಡೆಯುವಾಗ ಒಳಗೆ ಬಿಗಿ ಹಿಡಿಯುತ್ತೇವಲ್ಲ, ಆ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಅಮೆರಿಕದ ವೈದ್ಯ ಆರ್ನಾಲ್ಡ್ ಕೀಗಲ್ 1948ರಲ್ಲೇ ಬರೆದು ಪ್ರಕಟಿಸಿದ್ದಾರೆ. ಅವರ ಹೆಸರಲ್ಲೇ ಈಗಲೂ ಕರೆಯುತ್ತಾರೆ. ಮಗುವಿಗೆ ಹಾಲು ಕುಡಿಸುತ್ತಾ ಕೂತಲ್ಲೇ ಮಾಡಬಹುದು, ಎದುರಿಗಿದ್ದವರಿಗೂ ಗೊತ್ತಾಗುವುದಿಲ್ಲ. ಅದರಿಂದಲೂ ಸರಿಹೋಗದಿದ್ದರೆ ಈ ವಿಷಯ ಬಲ್ಲ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಕೆಳಹೊಟ್ಟೆಯಲ್ಲಿ ಭಾರ, ಏನೋ ಕೆಳಗೆ ಜಾರಿದ ಹಾಗೆ ಅನಿಸುತ್ತಿದ್ದರೆ ಓಟವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಮೊದಲು ವೈದ್ಯರನ್ನು ನೋಡಿ.

ಹೆರಿಗೆಯಾದ ಎಷ್ಟು ದಿನಕ್ಕೆ ಓಡಬಹುದು? ಬ್ರಿಟನ್ನಿನ ಫಿಸಿಯೋಥೆರಪಿಸ್ಟ್‌ಗಳು 2019ರಲ್ಲಿ ಕೊಟ್ಟ ಸಲಹೆ, ಕಡಿಮೆಯೆಂದರೂ ಮೂರು ತಿಂಗಳು ಬಿಡಿ ಅಂತ. ಸಿಸೇರಿಯನ್ ಆದವರು, ಹೊಲಿಗೆ ಬಿದ್ದವರು ವೈದ್ಯರ ಮಾತು ಕೇಳಿಯೇ ಹೊರಡಬೇಕು. ಮೂರು ತಿಂಗಳು ಮುಗಿದ ಮರುದಿನವೇ ಓಡಬೇಕು ಅಂತ ಅಲ್ಲ. ನಡಿಗೆಯಿಂದ ಶುರು ಮಾಡಿ. ಎದೆಹಾಲು ಕುಡಿಸುವವರು ಹಾಲು ಕುಡಿಸಿಯೇ ಹೊರಟರೆ ಮೈ ಹಗುರ. ಹದವಾಗಿ ಓಡಿದರೆ ಹಾಲು ಕಡಿಮೆಯಾಗುವುದಿಲ್ಲ, ಕೆಡುವುದೂ ಇಲ್ಲ. ಆ ಹೆದರಿಕೆ ಬೇಡ.

ಸಾಮಾನು ಅಂದರೆ ಎರಡೇ. ಕಾಲಿಗೆ ಸರಿಯಾದ ಓಟದ ಶೂ, ಹೆಬ್ಬೆರಳಿನ ಮುಂದೆ ಸ್ವಲ್ಪ ಜಾಗ ಇರುವಂಥದ್ದು. ಇನ್ನೊಂದು ಒಳ್ಳೆಯ ಸ್ಪೋರ್ಟ್ಸ್ ಬ್ರಾ. ಇದು ಹುಟ್ಟಿದ ಕಥೆ ಮಜವಾಗಿದೆ. 1977ರಲ್ಲಿ ಅಮೆರಿಕದ ಲೀಸಾ ಲಿಂಡಾಲ್ ಮತ್ತು ಅವರ ಜೊತೆಗಾರ್ತಿಯರು, ಗಂಡಸರು ಆಟಕ್ಕೆ ಹಾಕಿಕೊಳ್ಳುವ ಲಂಗೋಟಿಯಂಥ ಒಳಉಡುಪು ಎರಡನ್ನು ತಂದು, ಜೋಡಿಸಿ ಹೊಲಿದು, ಮೊದಲ ಮಾದರಿ ಮಾಡಿದರು. ಅಲ್ಲಿಯ ತನಕ ಓಡುವ ಹೆಂಗಸರಿಗೆ ಸರಿಹೋಗುವಂಥದ್ದು ಸಿಗುವುದೇ ಕಷ್ಟವಿತ್ತು. ಹಾಲು ತುಂಬಿದ ಎದೆಯವರಂತೂ ಇದಿಲ್ಲದೆ ಓಡುವ ಮಾತೇ ಇಲ್ಲ.

ಇಷ್ಟೆಲ್ಲ ಸುಲಭದ ಭಾಗ. ಕಷ್ಟ ಇರುವುದು ಮನೆಯ ಹೊಸ್ತಿಲು ದಾಟುವುದರಲ್ಲಿ. ಒಬ್ಬಳು ಶೂ ಬಚ್ಚಿಟ್ಟಿರುತ್ತಾಳೆ, ಇನ್ನೊಬ್ಬ ಸರಿಯಾಗಿ ಅದೇ ಹೊತ್ತಿಗೆ ‘ಅಮ್ಮಾ, ಕಕ್ಕ’ ಅಂತ ಕೂಗುತ್ತಾನೆ. ಅಂತೂ ಲೇಸ್ ಕಟ್ಟಿ ಎದ್ದರೆ ಕಾಲಿಗೆ ಜೋತುಬಿದ್ದ ಪುಟ್ಟ ಕೈ. ‘ಟೈಮ್ ಸಿಕ್ಕಾಗ ಓಡ್ತೀನಿ’ ಅಂದುಕೊಂಡರೆ ಮುಗೀತು, ಸಿಗುವುದಿಲ್ಲ. ಸಿಕ್ಕ ಟೈಮನ್ನು ಒಗೆದ ಬಟ್ಟೆ ತಿಂದುಹಾಕುತ್ತದೆ. ಮಂಗಳವಾರ, ಗುರುವಾರ, ಭಾನುವಾರ, ಇಷ್ಟು ಗಂಟೆಯಿಂದ ಇಷ್ಟು ಗಂಟೆಗೆ ಮಕ್ಕಳು ನಿಮ್ಮ ಜವಾಬ್ದಾರಿ ಅಂತ ಮನೆಯಲ್ಲಿ ಇನ್ನೊಬ್ಬ ದೊಡ್ಡವರಿಗೆ ಸ್ಪಷ್ಟವಾಗಿ ಹೇಳಬೇಕು. ಕೇಳಿಕೊಳ್ಳುವ ಧಾಟಿಯಲ್ಲಿ ಅಲ್ಲ, ತಿಳಿಸುವ ಧಾಟಿಯಲ್ಲಿ. ಹಾಗೆ ಹೇಳುವುದು ಅರವತ್ತು ಸೆಕೆಂಡ್ ಓಡುವುದಕ್ಕಿಂತ ಕಷ್ಟ. ಮೊದಲ ಕೆಲವು ಸಲ ಅವರು ‘ನೀರಿನ ಬಾಟಲ್ ಎಲ್ಲಿ, ಸಾಕ್ಸ್ ಎಲ್ಲಿ’ ಅಂತ ಫೋನ್ ಮಾಡುತ್ತಾರೆ. ಫೋನನ್ನು ಮನೆಯಲ್ಲೇ ಬಿಡಬೇಡಿ, ಸುರಕ್ಷತೆಗೆ ಬೇಕು. ಸಾಕ್ಸ್ ವಿಚಾರಕ್ಕೆ ಎತ್ತಬೇಡಿ, ಅಷ್ಟೇ.

ಮನೆಯಲ್ಲಿ ಇನ್ನೊಬ್ಬರು ಇಲ್ಲದವರ ಕಷ್ಟ ಬೇರೆ. ಮಕ್ಕಳು ಆಡುವ ಜಾಗದ ಸುತ್ತಲೇ, ಅವರು ಕಣ್ಣಿಗೆ ಬೀಳುವ ಹಾಗೆ ಸುತ್ತು ಹಾಕಬಹುದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಹದವಾದ ಚಟುವಟಿಕೆ, ಇಲ್ಲವೇ 75 ನಿಮಿಷ ಬಿರುಸಿನದು. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಇರಬೇಕು ಅಂತ ಮುಂಚೆ ಒಂದು ನಿಯಮವಿತ್ತು, 2020ರಲ್ಲಿ ಅದನ್ನೂ ಬಿಟ್ಟರು. ಚೂರುಪಾರು ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ಅಮ್ಮಂದಿರ ಹತ್ತಿರ ಇರುವುದು ಅಂಥವೇ.

ತೂಕ ಇಳಿಯುತ್ತದಾ ಅಂತ ಕೇಳಬೇಡಿ, ನಾನು ಆ ಭರವಸೆ ಕೊಡುವುದಿಲ್ಲ. ಬದಲಾದದ್ದು ಬೇರೆ. ನಿದ್ದೆ ಬಂದ ಮಗುವನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದರೆ ಈಗ ನಡುವೆ ನಿಲ್ಲುವುದಿಲ್ಲ. ಸಂಜೆಯ ಸಿಡುಕು ಎಷ್ಟೋ ವಾಸಿ. ಒಂದು ದಿನ ಬೆವರಿಳಿಸಿಕೊಂಡು ಬಾಗಿಲಲ್ಲಿ ನಿಂತಾಗ ಮಗಳು ಕೇಳಿದಳು, ‘ಅಮ್ಮಾ, ಯಾರನ್ನ ಸೋಲಿಸಿದೆ?’ ಯಾರನ್ನೂ ಇಲ್ಲ ಅಂದೆ. ‘ಮತ್ತೆ ಯಾಕೆ ಓಡಿದೆ?’ ಅಂದಳು. ಉತ್ತರ ಕೊಡುವ ಮೊದಲೇ ಗೋಡೆಗೆ ಕೈ ಕೊಟ್ಟು, ಒಂದು ಕಾಲು ಹಿಂದಕ್ಕೆ ಚಾಚಿ, ಥೇಟ್ ನನ್ನ ಹಾಗೆ ಮೀನಖಂಡ ಎಳೆಯೋಕೆ ಶುರು ಮಾಡಿದಳು.

ಒಂದು ವಿಷಯ ಮೊದಲೇ ತಿಳಿದಿರಲಿ. ಒಂಬತ್ತು ವಾರದ ಪಟ್ಟಿ ಅಮ್ಮಂದಿರಿಗೆ ಒಂಬತ್ತು ವಾರದಲ್ಲಿ ಮುಗಿಯುವುದು ಕಡಿಮೆ. ಒಬ್ಬರಿಗೆ ಜ್ವರ, ಆಮೇಲೆ ಇನ್ನೊಬ್ಬರಿಗೆ, ಕೊನೆಗೆ ನಿಮಗೆ. ಹೀಗೆ ಒಂದು ವಾರ ತಪ್ಪಿದರೆ, ನಿಲ್ಲಿಸಿದ ವಾರವನ್ನೇ ಮತ್ತೆ ಮಾಡಿ. ಮೂರು ವಾರ ತಪ್ಪಿತಾ? ಪಟ್ಟಿಯಲ್ಲಿ ಎರಡು ವಾರ ಹಿಂದಕ್ಕೆ ಹೋಗಿ. ರಾತ್ರಿಯಿಡೀ ನಿದ್ದೆ ಇಲ್ಲದ ಬೆಳಿಗ್ಗೆ ಓಟ ಬೇಡ, ಶೂ ಹಾಕಿಕೊಂಡು ಒಂದಿಷ್ಟು ನಡೆದು ಬನ್ನಿ. ಜ್ವರ ನಿಮಗೇ ಬಂದಿದ್ದರೆ ಮಾತ್ರ ಈ ವಾರಗಳ ಲೆಕ್ಕ ಬೇಡ, ಪೂರ್ತಿ ಚೇತರಿಸಿಕೊಂಡ ಮೇಲೆ ಮೊದಲನೇ ವಾರದಿಂದಲೇ ಹೊರಡಿ, ಅರವತ್ತು ಸೆಕೆಂಡ್ ಓಟ, ತೊಂಬತ್ತು ಸೆಕೆಂಡ್ ನಡಿಗೆ.

ನಮಸ್ಕಾರ.