ಗಾಯ ಮಾಯಬೇಕಂದ್ರೆ ತಾಟು ನೋಡಿ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಯಾರದಾದರೂ ಹುಣ್ಣು ತಿಂಗಳಾದರೂ ಮಾಯದಿದ್ದರೆ ನಾವು ಮೊದಲು ಹಿಡಿಯುವುದು ಪಥ್ಯ, ಅಲ್ವಾ? ಬದನೆಕಾಯಿ ನಂಜು, ಶೇಂಗಾ ನಂಜು, ಬೇಳೆ ತಿಂದರೆ ಕೀವಾಗುತ್ತದೆ, ಮೊಟ್ಟೆಯಂತೂ ಬೇಡವೇ ಬೇಡ. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಹಾಸಿಗೆ ಹಿಡಿದ ಅಜ್ಜಿಯರ ತಾಟು ನೋಡಿದ್ದೇನೆ. ಮೆತ್ತನೆ ಅನ್ನ, ಮೇಲೆ ನೀರಿನಂಥ ತಿಳಿಸಾರು, ಬದಿಗೆ ಚೂರು ಉಪ್ಪಿನಕಾಯಿ. ಸೊಂಟದ ಹಿಂದೆ ಹುಣ್ಣಾಗಿದೆ, ದಿನಾ ಡ್ರೆಸ್ಸಿಂಗ್ ನಡೆದಿದೆ, ದುಬಾರಿ ಮುಲಾಮೂ ಬಂದಿದೆ, ಆದರೆ ಬೇಳೆ ಮಾತ್ರ ಪಾತ್ರೆಯ ತಳದಲ್ಲೇ ಉಳಿದಿದೆ. ಕರುಳು ಚುರ್ ಅನ್ನುತ್ತದೆ.

ನಾವು ನಂಜು ಅಂತ ಬಿಡಿಸುವ ಬೇಳೆ, ಶೇಂಗಾ, ಮೊಟ್ಟೆಯಲ್ಲೇ ಪ್ರೋಟೀನ್ ಇರುವುದು, ಹೊಸ ಮಾಂಸ, ಹೊಸ ಚರ್ಮ ಬೆಳೆಯಲು ಅದೇ ಬೇಕು. ಗಾಯದಿಂದ ಸೋರುವ ನೀರಿನ ಜೊತೆಗೂ ಅದು ಹೋಗುತ್ತಿರುತ್ತದೆ. ಆರಾಮಾಗಿ ಇರುವವರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ ಸುಮಾರು 0.8 ಗ್ರಾಂ ಸಾಕು. ಹಾಸಿಗೆ ಹುಣ್ಣಾಗಿ ಸೊರಗಿದವರಿಗೆ 1.25ರಿಂದ 1.5 ಗ್ರಾಂ ಬೇಕು. ಅಂದರೆ 50 ಕಿಲೋ ತೂಕದ ಅಜ್ಜಿಗೆ 60 ಗ್ರಾಂ ದಾಟಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದೇ ಸುಮಾರು 6 ಗ್ರಾಂ, ಇನ್ನು ತಿಳಿಸಾರಿನಲ್ಲಿ ಏನು ಸಿಕ್ಕೀತು ಹೇಳಿ?

ಅದಕ್ಕೇ ಗಟ್ಟಿ ಬೇಳೆ ಬಡಿಸಿ. ಮಡಿಕೆಕಾಳಿನ ಪಲ್ಯ, ಝುಣಕ, ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು. ಹಲ್ಲಿಲ್ಲದವರಿಗೆ ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿಡಿ, ಶೇಂಗಾ ಚಟ್ನಿಪುಡಿಯನ್ನು ಮೊಸರಲ್ಲಿ ಕಲಸಿ ಕೊಡಿ, ಒಂದೇ ಸಲ ಜಾಸ್ತಿ ಸೇರುವುದಿಲ್ಲ, ಹಾಗಾಗಿ ಸ್ವಲ್ಪ ಸ್ವಲ್ಪವೇ ಐದಾರು ಸಲ. ಜೊತೆಗೆ ವಿಟಮಿನ್ ಸಿ ಬೇಕು, ಅದಿಲ್ಲದೆ ಗಾಯವನ್ನು ಬಿಗಿಯಾಗಿ ಹಿಡಿಯುವ ಕೊಲಾಜೆನ್ ಗಟ್ಟಿಯಾಗುವುದಿಲ್ಲ. ಬೇಯಿಸಿದರೆ ಈ ವಿಟಮಿನ್ ಕಡಿಮೆಯಾಗುತ್ತದೆ. ನಮ್ಮ ಧಾರವಾಡದ ಪೇರಲ ಹಣ್ಣು ಹಾಗೇ ತಿನ್ನುವಂಥದ್ದು, ಊಟದ ಮೇಲೆ ಲಿಂಬೆ ಹಿಂಡಿದರೂ ಆಯಿತು.

ಸಕ್ಕರೆ ಕಾಯಿಲೆಯವರು ಕಾಲಿಗೆ ಹುಣ್ಣಾದ ಕೂಡಲೇ ಹೆದರಿ ಊಟವನ್ನೇ ಬಿಡುತ್ತಾರೆ. ದಯವಿಟ್ಟು ಬೇಡ. ರಕ್ತದಲ್ಲಿ ಸಕ್ಕರೆ ಏರಿದರೆ ಬಿಳಿ ರಕ್ತಕಣಗಳು ಸೋಂಕಿನ ಜೊತೆ ಸರಿಯಾಗಿ ಹೋರಾಡಲಾರವು, ನಿಜ, ಆದರೆ ಅದಕ್ಕೆ ಅನ್ನದ ಅಳತೆ ನೋಡಬೇಕೇ ಹೊರತು ಕಾಳು ಬಿಡಬಾರದು. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಅನ್ನದ ಅಳತೆ ಬದಲಿಸುವ ಮೊದಲು ಡಾಕ್ಟರಿಗೆ ಹೇಳಿ. ಕಿಡ್ನಿ ತೊಂದರೆ ಇದ್ದವರಿಗೆ ಪ್ರೋಟೀನ್ ಲೆಕ್ಕವೇ ಬೇರೆ, ಅವರೂ ಕೇಳಿಯೇ ಮುಂದುವರಿಯಲಿ. ಬೆರಳು ಕಪ್ಪಾದರೆ, ಗಾಯ ವಾಸನೆ ಬಂದರೆ ಊಟದ ಮಾತು ಆಮೇಲೆ, ಅವತ್ತೇ ಆಸ್ಪತ್ರೆಗೆ ಹೋಗಿ.